ಎಳೆಯ ಮಕ್ಕಳ ನಿದ್ದೆ, ಕೂರುವಿಕೆ ಮತ್ತು ಆಟ: 24 ಗಂಟೆಯ ಲೆಕ್ಕ



ಹೊಸದಾಗಿ ಹುಟ್ಟಿದ ಕರುವನ್ನು ಹೇಗೆ ನೋಡಿಕೊಳ್ಳಬೇಕೆಂದು ನಮ್ಮ ಹೈನುಗಾರರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸುತ್ತೇವೆ. ಒಣ ಹುಲ್ಲು ಹಾಸಿ ಬೆಚ್ಚಗೆ ಮಲಗಿಸುತ್ತೇವೆ. ನಾಲ್ಕಾರು ದಿನ ಕಳೆದ ಮೇಲೆ ಸಂಜೆ ಹೊತ್ತು ಹಗ್ಗ ಬಿಚ್ಚಿದರೆ ಅದು ಬಾಲ ಎತ್ತಿಕೊಂಡು ಅಂಗಳವನ್ನೆಲ್ಲ ಸುತ್ತಿ ಬರುತ್ತದೆ. ಹಾಗೆ ಕುಣಿಯದೆ ಮೂಲೆ ಹಿಡಿದು ನಿಂತ ಕರುವನ್ನು ಕಂಡರೆ ನಮಗೆ ಆತಂಕವಾಗುತ್ತದೆ. ಮೈ ಮುಟ್ಟಿ ನೋಡುತ್ತೇವೆ, ಸಗಣಿ ನೋಡುತ್ತೇವೆ, ಪಶುವೈದ್ಯರಿಗೆ ಹೇಳಿ ಕಳಿಸುತ್ತೇವೆ.

ಅದೇ ಮನೆಯ ಮೂರು ವರ್ಷದ ಮಗು ಮೊಬೈಲ್ ಫೋನ್ ಹಿಡಿದುಕೊಂಡು ಮುಕ್ಕಾಲು ಗಂಟೆ ಅಲುಗಾಡದೆ ಕುಳಿತರೆ ಮಾತ್ರ, "ನಮ್ಮ ಮಗು ಬಹಳ ಸಾಧು, ಹಟವೇ ಇಲ್ಲ" ಎಂದು ಸಂತೋಷಪಡುತ್ತೇವೆ.

ಕರುವಿಗೆ ಒಂದು ನ್ಯಾಯ, ಕೂಸಿಗೆ ಒಂದು ನ್ಯಾಯ ಆಗಬಾರದು. ಐದು ವರ್ಷದೊಳಗಿನ ಮಕ್ಕಳಿಗೆ ಎಷ್ಟು ನಿದ್ದೆ ಬೇಕು, ಎಷ್ಟು ಹೊತ್ತು ಕೂರಬಹುದು, ಎಷ್ಟು ಆಡಬೇಕು, ಹಾಲು ಕರೆಯುವ ಮನೆಯಲ್ಲಿ ಇದನ್ನು ಹೇಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಗೋದಲಿ ಒಂದೇ, ಮೇವು ಮೂರು

ಹಸುವಿಗೆ ಹಸಿರು ಮೇವು, ಒಣ ಮೇವು, ಹಿಂಡಿ ಮೂರೂ ಬೇಕು. ಹಿಂಡಿ ಒಳ್ಳೆಯದೆಂದು ಅದನ್ನೇ ತುಂಬಿದರೆ ಹೊಟ್ಟೆ ಕೆಡುತ್ತದೆ. ಒಣ ಹುಲ್ಲನ್ನೇ ತುಂಬಿದರೆ ಹಸಿರು ಮೇವಿಗೆ ಜಾಗ ಉಳಿಯುವುದಿಲ್ಲ. ಆದ್ದರಿಂದಲೇ ಸಮತೋಲನ ಪಶು ಆಹಾರದ ಮಾತು ಬಂದಿತು.

ಮಗುವಿನ ದಿನವೂ ಹಾಗೆಯೇ. ಅದರ ಗೋದಲಿ 24 ಗಂಟೆಯದು. ಅದನ್ನು ದೊಡ್ಡದು ಮಾಡಲು ಯಾರಿಂದಲೂ ಆಗದು. ಅದರೊಳಗೆ ನಿದ್ದೆ, ಕೂರುವಿಕೆ, ಓಡಾಟ ಈ ಮೂರೂ ಹಿಡಿಯಬೇಕು. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆ ಆಗಲೇಬೇಕು. ಹಿಂದೆ ವೈದ್ಯರು ಇವನ್ನು ಬೇರೆ ಬೇರೆಯಾಗಿ ಹೇಳುತ್ತಿದ್ದರು. ಈಗ ಒಟ್ಟಿಗೆ ಹೇಳುತ್ತಾರೆ. ಕೆನಡಾ ಮತ್ತು ಆಸ್ಟ್ರೇಲಿಯಾ ದೇಶಗಳು 2017ರಲ್ಲಿ ಎಳೆಯ ಮಕ್ಕಳಿಗೆ 24 ಗಂಟೆಯ ಅಳತೆಯನ್ನು ಪ್ರಕಟಿಸಿದವು. 2019ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಐದು ವರ್ಷದೊಳಗಿನ ಮಕ್ಕಳಿಗೆ ಇಂಥದೇ ಮಾರ್ಗಸೂಚಿ ಹೊರಡಿಸಿತು. ಭಾರತೀಯ ಮಕ್ಕಳ ತಜ್ಞರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಟಿವಿ, ಮೊಬೈಲ್ ನೋಡುವುದರ ಬಗ್ಗೆ ತನ್ನ ಸಲಹೆಗಳನ್ನು ನೀಡಿದೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಅಳತೆಗಳಿಗೆ ಇರುವ ಆಧಾರ ಇನ್ನೂ ಗಟ್ಟಿಯಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿಕೊಂಡಿದೆ. ಹಾಗಾಗಿ ಹತ್ತು ನಿಮಿಷ ಹೆಚ್ಚು ಕಡಿಮೆ ಆಯಿತೆಂದು ಯಾರೂ ಹೆದರಬೇಕಾಗಿಲ್ಲ. ಆದರೆ ದಾರಿ ಯಾವ ಕಡೆಗೆ ಎಂಬುದರಲ್ಲಿ ಸಂಶಯವಿಲ್ಲ: ಎಳೆಯ ಮಕ್ಕಳಿಗೆ ಹೆಚ್ಚು ನಿದ್ದೆ, ಹೆಚ್ಚು ಆಟ, ಕಡಿಮೆ ಕೂರುವಿಕೆ.

2. ನಿದ್ದೆಯಲ್ಲಿ ನಡೆಯುವ ಕೆಲಸ

ಹಸು ದಿನಕ್ಕೆ 10ರಿಂದ 12 ಗಂಟೆ ಮಲಗಿ ಮೆಲುಕು ಹಾಕಿದರೆ ಮಾತ್ರ ತಿಂದ ಮೇವು ಹಾಲಾಗುತ್ತದೆ. ಮಲಗಿದ ಹಸುವನ್ನು ಸೋಮಾರಿ ಎಂದು ನಾವು ಎಬ್ಬಿಸುವುದಿಲ್ಲ.

ಮಗುವಿನ ನಿದ್ದೆಯೂ ಸುಮ್ಮನೆ ಕಳೆದ ಹೊತ್ತಲ್ಲ. ದೇಹ ಬೆಳೆಯಲು ಬೇಕಾದ ಬೆಳವಣಿಗೆಯ ಹಾರ್ಮೋನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಅದರ ದೊಡ್ಡ ಪಾಲು ಸ್ರವಿಸುವುದು ಗಾಢ ನಿದ್ದೆಯಲ್ಲಿ, ಅದರಲ್ಲೂ ನಿದ್ದೆ ಹತ್ತಿದ ಮೊದಲ ಕೆಲವು ಗಂಟೆಗಳಲ್ಲಿ. ಹಗಲು ಕಂಡದ್ದು, ಕೇಳಿದ್ದು, ಕಲಿತ ಮಾತು ಇವುಗಳನ್ನು ಮಿದುಳು ಒಪ್ಪವಾಗಿ ಜೋಡಿಸಿ ಇಟ್ಟುಕೊಳ್ಳುವುದೂ ನಿದ್ದೆಯಲ್ಲಿಯೇ. ರೋಗ ತಡೆಯುವ ಶಕ್ತಿಗೂ ನಿದ್ದೆ ಬೇಕು.

ದೊಡ್ಡವರಿಗೆ ನಿದ್ದೆ ಸಾಲದಿದ್ದರೆ ತೂಕಡಿಸುತ್ತಾರೆ. ಮಕ್ಕಳು ಹಾಗಲ್ಲ. ನಿದ್ದೆಗೆಟ್ಟ ಮಗು ತೂಕಡಿಸುವ ಬದಲು ರಚ್ಚೆ ಹಿಡಿಯುತ್ತದೆ, ಕಾರಣವಿಲ್ಲದೆ ಅಳುತ್ತದೆ, ಜಗಳಕ್ಕೆ ನಿಲ್ಲುತ್ತದೆ, ಎಡವಿ ಬೀಳುತ್ತದೆ, ಊಟ ಸೇರುವುದಿಲ್ಲ. ನಾವು ಅದನ್ನು ಹಟ ಎಂದುಕೊಂಡು ಗದರುತ್ತೇವೆ, ಇಲ್ಲವೇ ದೃಷ್ಟಿ ತಗುಲಿತೆಂದು ನಿವಾಳಿಸುತ್ತೇವೆ. ಅನೇಕ ವೇಳೆ ಅದಕ್ಕೆ ಬೇಕಾಗಿರುವುದು ಒಂದು ಗಂಟೆ ಮುಂಚೆ ಹಾಸಿಗೆ, ಅಷ್ಟೇ. ನಿದ್ದೆ ಕಡಿಮೆ ಇರುವ ಮಕ್ಕಳು ಮುಂದೆ ಅತಿ ತೂಕದವರಾಗುವ ಸಂಭವ ಹೆಚ್ಚೆಂದೂ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಮಲಗುವ ಮುನ್ನ ಬೆಳಕಿನ ವಿಷಯದಲ್ಲೂ ಎಚ್ಚರ ಬೇಕು. ಕತ್ತಲಾದಂತೆ ದೇಹದಲ್ಲಿ ಮೆಲಟೋನಿನ್ ಎಂಬ ವಸ್ತು ಹೆಚ್ಚಿ ನಿದ್ದೆ ತರಿಸುತ್ತದೆ. ಕಣ್ಣಿಗೆ ಪ್ರಖರ ಬೆಳಕು ಬಿದ್ದರೆ ಅದು ಹಿಂದೆ ಸರಿಯುತ್ತದೆ. ಎಳೆಯ ಮಕ್ಕಳ ಕಣ್ಣಿನೊಳಗೆ ದೊಡ್ಡವರ ಕಣ್ಣಿಗಿಂತ ಹೆಚ್ಚು ಬೆಳಕು ಹೋಗುತ್ತದೆ. ರಾತ್ರಿ ಹತ್ತರವರೆಗೆ ಟಿವಿಯ ಮುಂದೆ ಕುಳಿತ ಮಗುವಿಗೆ "ಮಲಗು" ಎಂದ ಕೂಡಲೇ ನಿದ್ದೆ ಬರುವುದಿಲ್ಲವೆಂದರೆ ಅದು ಮಗುವಿನ ತಪ್ಪಲ್ಲ.

3. ಕೂರುವುದರಲ್ಲಿ ಎರಡು ಬಗೆ

ಒಂದೇ ಕಡೆ ಕೂರುವುದು ಮೈಗೆ ಒಳ್ಳೆಯದಲ್ಲವೆಂಬುದು ಮೊದಲು ಸ್ಪಷ್ಟವಾದದ್ದು ದೊಡ್ಡವರಲ್ಲಿ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ದಿನವೆಲ್ಲ ಕುಳಿತು ಬಸ್ಸು ನಡೆಸುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯ ರೋಗ ಕಡಿಮೆಯಿತ್ತು.

ಮಕ್ಕಳ ವಿಷಯದಲ್ಲಿ ಕೂರುವಿಕೆಯನ್ನು ಎರಡಾಗಿ ನೋಡಬೇಕು. ಅಜ್ಜಿಯ ತೊಡೆಯ ಮೇಲೆ ಕುಳಿತು ಕಥೆ ಕೇಳುವುದು, ಚಿತ್ರ ನೋಡಿ ಹೆಸರು ಹೇಳುವುದು, ಅವರೆಕಾಳು ಸುಲಿಯುವವರ ಪಕ್ಕದಲ್ಲಿ ಕುಳಿತು ಮಾತಾಡುವುದು ಒಳ್ಳೆಯ ಕೂರುವಿಕೆ. ಇಲ್ಲಿ ಮೈ ನಿಂತಿದ್ದರೂ ಮಾತು, ಕಿವಿ, ಬುದ್ಧಿ ಕೆಲಸ ಮಾಡುತ್ತಿರುತ್ತವೆ. ಇದು ಬೇಕು.

ಎರಡನೆಯದು ಕಟ್ಟಿ ಹಾಕಿದ ಕೂರುವಿಕೆ. ಎಚ್ಚರವಾಗಿರುವ ಕೂಸನ್ನು ಗಂಟೆಗಟ್ಟಲೆ ತೊಟ್ಟಿಲಿನಲ್ಲೋ ಸೀರೆಯ ಜೋಲಿಯಲ್ಲೋ ಬಿಡುವುದು, ಬೆನ್ನಿಗೋ ಸೊಂಟಕ್ಕೋ ಕಟ್ಟಿಕೊಂಡೇ ಇರುವುದು, ಕುರ್ಚಿಯಲ್ಲಿ ಅಡ್ಡಪಟ್ಟಿ ಹಾಕಿ ಕೂರಿಸುವುದು ಇವೆಲ್ಲ ಇದಕ್ಕೆ ಸೇರುತ್ತವೆ. ಎಚ್ಚರವಿರುವಾಗ ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಹೀಗೆ ಇಡಬಾರದು. ಕೈಗೆ ಫೋನ್ ಕೊಟ್ಟು ಕೂರಿಸುವುದೂ ಕಟ್ಟಿ ಹಾಕಿದಂತೆಯೇ. ಹಗ್ಗ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಚಕ್ರದ ವಾಕರ್ ಬಗ್ಗೆಯೂ ಇಲ್ಲೇ ಹೇಳಬೇಕು. ಅದರಿಂದ ಮಗು ಬೇಗ ನಡೆಯುತ್ತದೆಂಬುದು ತಪ್ಪು ತಿಳುವಳಿಕೆ. ಅದರಲ್ಲಿ ಮಗು ಕಾಲ ತುದಿಯಿಂದ ನೆಲವನ್ನು ನೂಕುತ್ತದೆಯೇ ಹೊರತು ಮೈ ತೂಗಿಸಿ ನಿಲ್ಲುವುದನ್ನು ಕಲಿಯುವುದಿಲ್ಲ. ಹೊಸ್ತಿಲು, ಮೆಟ್ಟಿಲುಗಳಿಂದ ಉರುಳುವ ಅಪಾಯ ಬೇರೆ. ಕೆನಡಾ ದೇಶವು 2004ರಲ್ಲಿ ವಾಕರ್ ಮಾರಾಟವನ್ನೇ ನಿಷೇಧಿಸಿತು. ಆ ದುಡ್ಡನ್ನು ಉಳಿಸಿ, ನೆಲದ ಮೇಲೆ ಒಂದು ಚಾಪೆ ಹಾಸಿದರೆ ಸಾಕು.

4. ಆಟವೆಂದರೆ ಏನು?

ಎಳೆಯ ಮಕ್ಕಳಿಗೆ ವ್ಯಾಯಾಮ ಬೇರೆಯಲ್ಲ, ಆಟ ಬೇರೆಯಲ್ಲ. ಕೂಸು ಕೈಕಾಲು ಬಡಿಯುವುದು, ಮಗುಚಿಕೊಳ್ಳುವುದು, ಅಂಬೆಗಾಲಿಡುವುದು, ಗೋಡೆ ಹಿಡಿದು ನಡೆಯುವುದು, ಆಮೇಲೆ ಕಪ್ಪೆಯಂತೆ ಕುಪ್ಪಳಿಸುವುದು, ಕಣ್ಣಾಮುಚ್ಚಾಲೆ, ಚೆಂಡು ಎಸೆಯುವುದು, ಕರುವಿನ ಹಿಂದೆ ಓಡುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತಂಬಿಗೆ ನೀರು ಹೊತ್ತು ಬಂದು ಗಿಡಕ್ಕೆ ಹಾಕುವುದೂ ಆಟವೇ.

ಇದರಿಂದ ಮೂಳೆ ಗಟ್ಟಿಯಾಗುತ್ತದೆ, ಸ್ನಾಯು ಬಲಿಯುತ್ತದೆ, ಹಸಿವೆ ಚೆನ್ನಾಗಿ ಆಗುತ್ತದೆ, ರಾತ್ರಿ ನಿದ್ದೆ ಬೇಗ ಹತ್ತುತ್ತದೆ. ಹೊರಗೆ ಆಡಿದರೆ ಬಿಸಿಲಿನಿಂದ ಡಿ ಜೀವಸತ್ವ ಸಿಗುತ್ತದೆ. ಹಾಲಿನ ಸುಣ್ಣದ ಅಂಶ ಮೈಗೆ ಹತ್ತಬೇಕಾದರೆ ಈ ಜೀವಸತ್ವ ಬೇಕೇ ಬೇಕು. ಮನೆಯೊಳಗೇ ಕೂರಿಸಿ ಲೋಟ ಲೋಟ ಹಾಲು ಕುಡಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ.

ಹೊರಗಿನ ಬೆಳಕು ಕಣ್ಣಿಗೂ ಒಳ್ಳೆಯದು. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳ ಒಂದನೇ ತರಗತಿ ಮಕ್ಕಳ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದ ಬಳಿಕ ನೋಡಿದಾಗ ಹೊರಗೆ ಬಿಡದ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ದೋಷ ಬಂದಿದ್ದರೆ, ಹೊರಗೆ ಬಿಟ್ಟ ಶಾಲೆಗಳಲ್ಲಿ ಅದು ಶೇ. 30.4 ಮಾತ್ರ ಇತ್ತು. 40 ನಿಮಿಷದ ಬಯಲಾಟಕ್ಕೆ ಇಷ್ಟು ಫಲ. ಅಂಗಳವೇ ಇಲ್ಲದ ಊರಿನವರು ಹೀಗೆ ಕಷ್ಟಪಟ್ಟು ಒದಗಿಸಿದ್ದನ್ನು ಅಂಗಳವಿರುವ ನಾವು ಕಳೆದುಕೊಳ್ಳಬಾರದು.

5. ವಯಸ್ಸಿಗೆ ತಕ್ಕ ಅಳತೆ

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಸಾರ ಹೀಗಿದೆ. ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಬಹುದು.

ಹುಟ್ಟಿದಂದಿನಿಂದ ಒಂದು ವರ್ಷದವರೆಗೆ:
ನಿದ್ದೆ – ಮೊದಲ 3 ತಿಂಗಳು 14ರಿಂದ 17 ಗಂಟೆ. 4ರಿಂದ 11 ತಿಂಗಳವರೆಗೆ 12ರಿಂದ 16 ಗಂಟೆ (ಹಗಲು ನಿದ್ದೆಯೂ ಸೇರಿ).
ಆಟ – ದಿನಕ್ಕೆ ಹಲವು ಸಲ ನೆಲದ ಮೇಲೆ. ಇನ್ನೂ ಹರಿದಾಡದ ಕೂಸನ್ನು ಎಚ್ಚರವಿರುವಾಗ ಬೋರಲು ಮಲಗಿಸಬೇಕು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಒಟ್ಟು 30 ನಿಮಿಷವಾದರೂ ಆಗಲಿ.
ಟಿವಿ, ಮೊಬೈಲ್ – ಬೇಡವೇ ಬೇಡ.

ಒಂದರಿಂದ ಎರಡು ವರ್ಷ ತುಂಬುವವರೆಗೆ:
ನಿದ್ದೆ – 11ರಿಂದ 14 ಗಂಟೆ.
ಆಟ – ದಿನದಲ್ಲಿ ಒಟ್ಟು 3 ಗಂಟೆಯಾದರೂ.
ಟಿವಿ, ಮೊಬೈಲ್ – ಬೇಡ.

ಎರಡು ವರ್ಷದ ಮಗು:
ನಿದ್ದೆ ಮತ್ತು ಆಟ – ಮೇಲಿನಂತೆಯೇ.
ಟಿವಿ, ಮೊಬೈಲ್ – ಹೆಚ್ಚೆಂದರೆ 1 ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು.

ಮೂರು ಮತ್ತು ನಾಲ್ಕು ವರ್ಷದ ಮಗು:
ನಿದ್ದೆ – 10ರಿಂದ 13 ಗಂಟೆ.
ಆಟ – 3 ಗಂಟೆ. ಅದರಲ್ಲಿ 1 ಗಂಟೆ ಉಸಿರು ಏರುವಂಥ ಓಟ, ಜಿಗಿತ.
ಟಿವಿ, ಮೊಬೈಲ್ – 1 ಗಂಟೆಯ ಒಳಗೆ.

ಬೋರಲು ಮಲಗಿಸುವ ಬಗ್ಗೆ ಒಂದು ಎಚ್ಚರಿಕೆ. ಇದು ಎಚ್ಚರವಿರುವಾಗ, ದೊಡ್ಡವರು ಎದುರಿಗಿದ್ದಾಗ ಮಾತ್ರ. ನಿದ್ದೆಗೆ ಕೂಸನ್ನು ಯಾವಾಗಲೂ ಅಂಗಾತವಾಗಿಯೇ ಮಲಗಿಸಬೇಕು. ಅಮೆರಿಕದಲ್ಲಿ 1994ರಿಂದ ಕೂಸನ್ನು ಅಂಗಾತ ಮಲಗಿಸಿರೆಂದು ಪ್ರಚಾರ ಮಾಡಿದ ಮೇಲೆ, ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಶಿಶುಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಳಿಯಿತು.

ಪ್ರತಿ ಮಗುವೂ ತನ್ನದೇ ವೇಗದಲ್ಲಿ ಬೆಳೆಯುತ್ತದೆ. ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆಸರೆಯಿಲ್ಲದೆ ಕೂರುವುದು 4ರಿಂದ 9 ತಿಂಗಳ ನಡುವೆ, ತಾನಾಗಿ ನಡೆಯುವುದು 8ರಿಂದ 18 ತಿಂಗಳ ನಡುವೆ ಎಂದು ಕಂಡುಬಂದಿತು. ಆದ್ದರಿಂದ ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂದು ನಮ್ಮ ಮಗುವಿನ ಮುಂದೆ ನಿಟ್ಟುಸಿರು ಬಿಡುವುದು ಬೇಡ.

6. ಒಂದು ಮನೆಯ ಲೆಕ್ಕ

ಉದಾಹರಣೆಗೆ ಒಂದು ಮನೆಯನ್ನು ತೆಗೆದುಕೊಳ್ಳೋಣ. ಎರಡು ಮಿಶ್ರತಳಿ ಹಸುಗಳಿವೆ. ಮೂರೂವರೆ ವರ್ಷದ ಹುಡುಗನಿದ್ದಾನೆ. ಅವನ ದಿನ ಹೀಗಿದೆ:

ಬೆಳಿಗ್ಗೆ 5.30ಕ್ಕೆ ದೀಪ ಹಾಕಿದ ಕೂಡಲೇ ಅವನಿಗೂ ಎಚ್ಚರ. ಅಮ್ಮ ಹಾಲು ಕರೆದು ಡೇರಿಗೆ ಕಳಿಸುವವರೆಗೆ 45 ನಿಮಿಷ ಕೈಯಲ್ಲಿ ಮೊಬೈಲ್. ತಿಂಡಿ ತಿನ್ನಿಸಲು 1 ಗಂಟೆ ಟಿವಿ. ಆಮೇಲೆ ಅಂಗನವಾಡಿ, ಅಲ್ಲಿ ಸ್ವಲ್ಪ ಆಟ, ಮಧ್ಯಾಹ್ನ 1 ಗಂಟೆ ನಿದ್ದೆ. ಸಂಜೆ ಹಾಲು ಕರೆಯುವಾಗ ಮತ್ತೆ 45 ನಿಮಿಷ ಮೊಬೈಲ್. ರಾತ್ರಿ 7.30ರಿಂದ 10ರವರೆಗೆ ಮನೆಯವರೆಲ್ಲ ಧಾರಾವಾಹಿ ನೋಡುವಾಗ ಅವನೂ ಅಲ್ಲೇ. 10.30ಕ್ಕೆ ನಿದ್ದೆ.

ಕೂಡಿ ನೋಡೋಣ. ನಿದ್ದೆ: ರಾತ್ರಿ 7, ಹಗಲು 1, ಒಟ್ಟು 8 ಗಂಟೆ. ಟಿವಿ, ಮೊಬೈಲ್: 5 ಗಂಟೆ. ಓಡಾಟದ ಆಟ: ಎಲ್ಲ ಸೇರಿ 1 ಗಂಟೆ. ಉಳಿದ 10 ಗಂಟೆ ಊಟ, ಸ್ನಾನ, ಪಾಠ, ಮಾತುಕತೆ ಇತ್ಯಾದಿ.

ಬೇಕಾದದ್ದು ಕನಿಷ್ಠ 10 ಗಂಟೆ ನಿದ್ದೆ, 3 ಗಂಟೆ ಆಟ, 1 ಗಂಟೆಯೊಳಗೆ ಟಿವಿ. ಅಂದರೆ ಈ ಹುಡುಗನಿಗೆ ದಿನಕ್ಕೆ 2 ಗಂಟೆ ನಿದ್ದೆ ಮತ್ತು 2 ಗಂಟೆ ಆಟ ಕೊರತೆ. ಫ್ಯಾಟ್‌ನಲ್ಲಿ ಎರಡು ಪಾಯಿಂಟ್ ಇಳಿದರೆ ನಾವು ಕಾರ್ಯದರ್ಶಿಯನ್ನು ಕೇಳುತ್ತೇವೆ. ಈ ಕೊರತೆಯನ್ನು ಕೇಳುವವರು ಯಾರು?

ಈಗ ತಿದ್ದಿದ ದಿನ. ರಾತ್ರಿ ಊಟ 7.30ಕ್ಕೆ, ಮಗುವಿಗೆ ಹಾಸಿಗೆ 8.30ಕ್ಕೆ, ಎಚ್ಚರ 6 ಗಂಟೆಗೆ: ಒಂಬತ್ತೂವರೆ ಗಂಟೆ. ಹಗಲು ನಿದ್ದೆ 1 ಗಂಟೆ. ಒಟ್ಟು ಹತ್ತೂವರೆ. ಆಟ: ಬೆಳಿಗ್ಗೆ ಅಂಗಳದಲ್ಲಿ 45 ನಿಮಿಷ, ಅಂಗನವಾಡಿಯಲ್ಲಿ 60 ನಿಮಿಷ, ಅಲ್ಲಿಗೆ ನಡೆದು ಹೋಗಿ ಬರುವುದು 30 ನಿಮಿಷ, ಸಂಜೆ ಓರಗೆಯ ಮಕ್ಕಳೊಂದಿಗೆ 45 ನಿಮಿಷ, ಒಟ್ಟು 3 ಗಂಟೆ. ಟಿವಿ ಅರ್ಧ ಗಂಟೆ. ಉಳಿದ 10 ಗಂಟೆ ಮೊದಲಿದ್ದ ಹಾಗೆಯೇ ಇದೆ.

ಗಮನಿಸಿ: ಅಮ್ಮನ ಯಾವ ಕೆಲಸವೂ ನಿಂತಿಲ್ಲ, ಹಸುವಿನ ಹೊತ್ತೂ ತಪ್ಪಿಲ್ಲ. ಟಿವಿ, ಮೊಬೈಲಿನ 5 ಗಂಟೆಯಿಂದ ನಾಲ್ಕೂವರೆ ಗಂಟೆ ತೆಗೆದೆವು. ಎರಡೂವರೆಯನ್ನು ನಿದ್ದೆಗೆ ಕೊಟ್ಟೆವು, ಎರಡನ್ನು ಆಟಕ್ಕೆ ಕೊಟ್ಟೆವು. ಲೆಕ್ಕ ಸರಿಹೋಯಿತು.

7. ಹಾಲು ಕರೆಯುವ ಮುಕ್ಕಾಲು ಗಂಟೆ

ಕಾಗದದ ಮೇಲೆ ಲೆಕ್ಕ ಸುಲಭ. ಕೊಟ್ಟಿಗೆಯಲ್ಲಿ ಕಷ್ಟ. ಕೆಚ್ಚಲು ತೊಳೆದು ಕರೆಯಲು ಕುಳಿತ ತಾಯಿ ನಡುವೆ ಎದ್ದರೆ ಹಸು ಹಾಲು ಇಳಿಸುವುದಿಲ್ಲ. ಡೇರಿಯ ಹೊತ್ತು ಮೀರುವಂತಿಲ್ಲ. ಮಗುವನ್ನು ಬಿಟ್ಟರೆ ಅದು ಹಸುವಿನ ಹಿಂಗಾಲಿನ ಹತ್ತಿರ ಬರುತ್ತದೆ, ನೀರಿನ ತೊಟ್ಟಿಗೆ ಬಗ್ಗುತ್ತದೆ, ಮೇವು ಕತ್ತರಿಸುವ ಯಂತ್ರಕ್ಕೆ ಕೈ ಹಾಕುತ್ತದೆ. ಫೋನ್ ಕೊಟ್ಟ ತಾಯಿ ಸೋಮಾರಿತನದಿಂದ ಕೊಟ್ಟವಳಲ್ಲ. ಮಗು ಬದುಕಿರಲೆಂದು ಕೊಟ್ಟವಳು. ಆದ್ದರಿಂದ "ಫೋನ್ ಕೊಡಬೇಡಿ" ಎಂದು ತಾಯಂದಿರಿಗೆ ಉಪದೇಶ ಮಾಡಿ ಸುಮ್ಮನಾಗುವುದು ನ್ಯಾಯವಲ್ಲ. ಆ ಮುಕ್ಕಾಲು ಗಂಟೆಗೆ ಬೇರೆ ಏರ್ಪಾಡು ಮಾಡುವುದು ಇಡೀ ಮನೆಯ ಕೆಲಸ. ಕೆಲವು ದಾರಿಗಳು:

(ಅ) ಬೆಳಿಗ್ಗೆಯ ಹಾಲು ಮಗು ಏಳುವ ಮುಂಚೆಯೇ ಮುಗಿಯುವಂತಿದ್ದರೆ ಅರ್ಧ ಸಮಸ್ಯೆ ಇಲ್ಲ. ಅದಕ್ಕೆ ಮಗುವಿನ ಮೇಲೆ ದೀಪದ ಬೆಳಕು ಬೀಳದಿರಲಿ. ಕ್ಯಾನು, ಬಕೆಟ್ಟುಗಳನ್ನು ರಾತ್ರಿಯೇ ಹೊರಗೆ ಇಟ್ಟುಕೊಳ್ಳಿ. ಮಲಗಿದ ಮಗುವಿನ ಹತ್ತಿರ ಒಬ್ಬರು ಇರಲಿ.

(ಆ) ತಾಯಿ ಹಾಲು ಕರೆಯುವಾಗ ಮಗು ತಂದೆಯ ಪಾಲಿಗೆ ಇರಲಿ. ತಂದೆಯೇ ಕರೆಯುವ ಮನೆಯಲ್ಲಿ ತಾಯಿಯ ಪಾಲಿಗೆ. ಹಾಲಿನ ಹಣದಲ್ಲಿ ಇಬ್ಬರಿಗೂ ಪಾಲಿರುವಾಗ ಮಗುವಿನ ಹೊತ್ತಿನಲ್ಲೂ ಇಬ್ಬರಿಗೂ ಪಾಲಿರಬೇಕು. ಡೇರಿಗೆ ಹಾಲು ಹಾಕಲು ಹೋಗುವವರು ಮಗುವಿನ ಕೈ ಹಿಡಿದು ನಡೆಸಿಕೊಂಡು ಹೋದರೆ ಮಗುವಿಗೆ ನಡಿಗೆಯೂ ಆಯಿತು, ಮಾತೂ ಆಯಿತು.

(ಇ) ಕೊಟ್ಟಿಗೆಗೆ ಕಾಣುವಷ್ಟು ದೂರದಲ್ಲಿ, ಹಸುವಿನ ಹಗ್ಗ ತಲುಪದ ಕಡೆ, ಬಿದಿರು ಗಳು ಅಥವಾ ಹಳೆಯ ಬಲೆ ಕಟ್ಟಿ ಎರಡು ಮೂರು ಮಾರು ಅಗಲದ ಆಟದ ಜಾಗ ಮಾಡಿ. ಒಳಗೆ ಮರಳು, ಎರಡು ಖಾಲಿ ಡಬ್ಬ, ಒಂದು ಚೆಂಡು. ತಾಯಿಗೆ ಮಗು ಕಾಣಬೇಕು, ಮಗುವಿಗೆ ತಾಯಿ ಕಾಣಬೇಕು.

(ಈ) ಅಕ್ಕಪಕ್ಕದ ಎರಡು ಮೂರು ಮನೆಯವರು ಸರದಿ ಹಾಕಿಕೊಳ್ಳಬಹುದು. ಸಂಜೆ ಒಂದು ಮನೆಯ ಅಜ್ಜಿಯ ಅಂಗಳದಲ್ಲಿ ನಾಲ್ಕು ಮಕ್ಕಳು ಆಡಿದರೆ ನಾಲ್ಕು ಕೊಟ್ಟಿಗೆಗಳಲ್ಲಿ ನೆಮ್ಮದಿ. ಮಹಿಳಾ ಸಂಘಗಳು ಮಾಸಿಕ ಸಭೆಯಲ್ಲಿ ಇದನ್ನು ಚರ್ಚಿಸಲು ಅಡ್ಡಿಯಿಲ್ಲ.

ಯಾವ ದಾರಿ ಹಿಡಿದರೂ ನೀರಿನ ತೊಟ್ಟಿಗೆ ಮುಚ್ಚಳ, ಗೋಬರ್ ಗ್ಯಾಸಿನ ಬಗ್ಗಡದ ಗುಂಡಿಗೆ ಬೇಲಿ, ಮೇವು ಕತ್ತರಿಸುವ ಯಂತ್ರಕ್ಕೆ ಬೀಗ ಇವು ಮೊದಲು ಆಗಬೇಕು. ಒಂದು ಅಡಿ ನೀರು ಎಳೆಯ ಮಗುವಿಗೆ ಬಾವಿಯೇ. ಹಾಗೆಯೇ ಕೊಟ್ಟಿಗೆಯ ಸುತ್ತ ಆಡುವ ಮಗುವಿನ ಕಾಲಿಗೆ ಚಪ್ಪಲಿ ಹಾಕಿಸಿ. ಆಟವಾದ ಮೇಲೆ ಸೋಪಿನಿಂದ ಕೈಕಾಲು ತೊಳೆಯಿರಿ.

8. ಹಾಲಿನ ಬಗ್ಗೆ ಒಂದು ಮಾತು

ಹಾಲು ಉತ್ಪಾದಕರ ಪತ್ರಿಕೆಯಲ್ಲಿ ಇದನ್ನು ಬರೆಯಬಹುದೇ ಎಂದು ಕೆಲವರಿಗೆ ಅನಿಸಬಹುದು. ನಿಜ ಹೇಳುವುದು ಸಹಕಾರಿಯ ಧರ್ಮ. ಮೊದಲ 6 ತಿಂಗಳು ಕೂಸಿಗೆ ತಾಯಿಯ ಹಾಲು ಮಾತ್ರ. ಒಂದು ವರ್ಷ ತುಂಬುವವರೆಗೆ ಹಸುವಿನ ಹಾಲು ಮುಖ್ಯ ಪಾನೀಯವಾಗಬಾರದು. ಒಂದು ವರ್ಷದ ನಂತರ ದಿನಕ್ಕೆ ಸುಮಾರು ಅರ್ಧ ಲೀಟರಿನೊಳಗೆ ಸಾಕು. ಹಾಲಿನಲ್ಲಿ ಸುಣ್ಣವಿದೆ, ಸಸಾರಜನಕವಿದೆ. ಆದರೆ ಕಬ್ಬಿಣದ ಅಂಶ ಬಹಳ ಕಡಿಮೆ. ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಂಡ ಮಗು ರಾಗಿ, ಸೊಪ್ಪು, ಕಾಳು, ಮೊಟ್ಟೆ ತಿನ್ನುವುದಿಲ್ಲ, ರಕ್ತಹೀನತೆ ಬರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು. 5 ವರ್ಷದೊಳಗಿನ ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ರಕ್ತ ಕಡಿಮೆ ಇರುವ ಮಗು ಬೇಗ ದಣಿಯುತ್ತದೆ, ಆಡಲು ಹೋಗುವುದಿಲ್ಲ, ರಾತ್ರಿ ಹೊರಳಾಡುತ್ತದೆ. ಊಟ, ಆಟ, ನಿದ್ದೆ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ನೋಡಿ.

ಮಕ್ಕಳಿಗೆ ಚಹಾ, ಕಾಫಿ ಕೊಡುವ ರೂಢಿಯನ್ನೂ ಬಿಡಬೇಕು. ಅವು ನಿದ್ದೆ ಕೆಡಿಸುತ್ತವೆ. ಊಟದ ಕಬ್ಬಿಣದ ಅಂಶ ಮೈಗೆ ಹತ್ತದಂತೆಯೂ ಮಾಡುತ್ತವೆ. ಹಾಲೆಲ್ಲ ಡೇರಿಗೆ ಹಾಕಿ ಮನೆಯ ಮಗುವಿಗೆ ಕಪ್ಪು ಚಹಾ ಕೊಡುವ ಮನೆಯಿದ್ದರೆ, ಮೊದಲು ಮಗುವಿನ ಲೋಟ ತೆಗೆದಿಟ್ಟು ಆಮೇಲೆ ಕ್ಯಾನು ತುಂಬಿಸಿ.

9. ಸದಸ್ಯರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗು ಸಣಕಲಾಗಿದೆ. ಆಡಿದರೆ ಇನ್ನೂ ಸೊರಗುವುದಿಲ್ಲವೇ?
ಉತ್ತರ: ಆಟದಿಂದ ಮಗು ಸೊರಗುವುದಿಲ್ಲ, ಊಟ ಸಾಲದೆ ಸೊರಗುತ್ತದೆ. ಊಟ ಸಾಲದ ಮಗು ಶಕ್ತಿ ಉಳಿಸಿಕೊಳ್ಳಲು ಆಟ ಕಡಿಮೆ ಮಾಡುತ್ತದೆ. ಅಂಗನವಾಡಿಯಲ್ಲಿ ತೂಕ, ಎತ್ತರ ನೋಡಿಸಿ. ಊಟ ಹೆಚ್ಚಿಸಿ, ಆಟ ನಿಲ್ಲಿಸಬೇಡಿ.

ಪ್ರಶ್ನೆ: ಹಗಲು ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಹಗಲು ನಿದ್ದೆ ತಪ್ಪಿಸಬಹುದೇ?
ಉತ್ತರ: ಮೂರು ವರ್ಷದವರೆಗೆ ಹೆಚ್ಚಿನ ಮಕ್ಕಳಿಗೆ ಹಗಲು ನಿದ್ದೆ ಬೇಕು. ತಪ್ಪಿಸುವುದು ಬೇಡ, ಹೊತ್ತು ಮುಂಚೆ ಮಾಡಿ. ಮಧ್ಯಾಹ್ನದ ಊಟವಾದ ಕೂಡಲೇ ಮಲಗಿಸಿ, ಸಂಜೆ ನಾಲ್ಕರ ನಂತರ ಮಲಗಿಸಬೇಡಿ.

ಪ್ರಶ್ನೆ: ಬಾಯಿಗೆ ಹಾಲಿನ ಬಾಟಲಿ ಇಟ್ಟರೆ ಮಾತ್ರ ಮಲಗುತ್ತದೆ. ಏನು ಮಾಡಬೇಕು?
ಉತ್ತರ: ಬಾಯಲ್ಲಿ ಹಾಲು ನಿಂತು ಹಲ್ಲು ಹುಳುಕಾಗುತ್ತದೆ. ಹಾಲನ್ನು ಲೋಟದಲ್ಲಿ ಕೊಟ್ಟು, ಬಾಯಿ ತೊಳೆಸಿ, ಆಮೇಲೆ ಮಲಗಿಸಿ. ದಿನವೂ ಒಂದೇ ಕ್ರಮವಿರಲಿ: ಊಟ, ಕೈಕಾಲು ತೊಳೆಯುವುದು, ದೀಪ ಸಣ್ಣದು ಮಾಡುವುದು, ಒಂದು ಕಥೆ ಅಥವಾ ಜೋಗುಳ. ಹಸು ಕೂಡ ದಿನವೂ ಒಂದೇ ಹೊತ್ತಿಗೆ, ಒಂದೇ ಕೈಗೆ ಹಾಲು ಇಳಿಸುವುದಲ್ಲವೇ? ಒಂದೆರಡು ವಾರದಲ್ಲಿ ಮಗುವೂ ಒಗ್ಗುತ್ತದೆ.

ಪ್ರಶ್ನೆ: ಮೊಬೈಲ್ ಕಿತ್ತುಕೊಂಡರೆ ಆಕಾಶ ಭೂಮಿ ಒಂದು ಮಾಡಿ ಅಳುತ್ತಾನೆ.
ಉತ್ತರ: ಮೊದಲ ಕೆಲವು ದಿನ ಅಳುತ್ತಾನೆ. ಒಂದೇ ಸಲ ಎಲ್ಲವನ್ನೂ ಬಿಡಿಸಲಾಗದಿದ್ದರೆ ಮೊದಲು ಊಟದ ಹೊತ್ತಿನದು, ಆಮೇಲೆ ರಾತ್ರಿಯದು, ಕೊನೆಗೆ ಕೊಟ್ಟಿಗೆಯ ಹೊತ್ತಿನದು, ಹೀಗೆ ಒಂದೊಂದಾಗಿ ಬಿಡಿಸಿ. ದೊಡ್ಡವರು ಎದುರಿಗೆ ಫೋನ್ ಹಿಡಿದು ಕೂತರೆ ಮಗುವಿಗೆ ಹೇಳಿದ್ದು ನೀರಿನಲ್ಲಿ ಹೋಮ ಮಾಡಿದಂತೆ.

10. ವೈದ್ಯರಿಗೆ ತೋರಿಸಬೇಕಾದಾಗ

9 ತಿಂಗಳು ಕಳೆದರೂ ಆಸರೆಯಿಲ್ಲದೆ ಕೂರದಿದ್ದರೆ; 18 ತಿಂಗಳಾದರೂ ನಡೆಯದಿದ್ದರೆ; ದಿನವೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ, ನಡುವೆ ಉಸಿರು ನಿಂತಂತೆ ಕಂಡರೆ; ಸ್ವಲ್ಪ ಆಡಿದರೂ ತುಟಿ ನೀಲಿಗಟ್ಟಿದರೆ, ಏದುಸಿರು ಬಂದರೆ; ಕಲಿತ ನಡೆಯನ್ನೋ ಮಾತನ್ನೋ ಮತ್ತೆ ಮರೆಯತೊಡಗಿದರೆ ತಡ ಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮನೆಯಲ್ಲಿ ಮಾಡಬೇಕಾದ ಅಭ್ಯಾಸ

ಹಾಲಿನ ಪಾಸ್ ಪುಸ್ತಕದಲ್ಲಿ ಬೆಳಿಗ್ಗೆ, ಸಂಜೆ ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ಬರೆದಿರುತ್ತದೆ. ಹಾಗೆಯೇ ಒಂದು ಹಾಳೆಯಲ್ಲಿ ಏಳು ದಿನ ಮಗುವಿನ ಲೆಕ್ಕ ಬರೆಯಿರಿ. ಮೂರೇ ಮನೆ ಸಾಕು: ನಿದ್ದೆ ಎಷ್ಟು ಗಂಟೆ, ಟಿವಿ ಮತ್ತು ಮೊಬೈಲ್ ಎಷ್ಟು, ಓಡಾಟದ ಆಟ ಎಷ್ಟು. ಓದು ಬಾರದವರು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದರೂ ಆದೀತು. ಏಳನೆಯ ದಿನ ಗಂಡ ಹೆಂಡತಿ, ಅಜ್ಜ ಅಜ್ಜಿ ಕೂಡಿ ಕುಳಿತು ಮೇಲಿನ ಅಳತೆಯೊಂದಿಗೆ ಹೋಲಿಸಿ. ಎಲ್ಲವನ್ನೂ ಒಮ್ಮೆಗೇ ತಿದ್ದಲು ಹೋಗಬೇಡಿ. ಮೊದಲ ವಾರ ಮಲಗುವ ಹೊತ್ತನ್ನು ಅರ್ಧ ಗಂಟೆ ಹಿಂದೆ ತನ್ನಿ, ಅಷ್ಟೇ. ಎರಡನೆಯ ವಾರ ಇನ್ನರ್ಧ ಗಂಟೆ.

ಒಂದು ಹಸು ಬೆದೆಗೆ ಬಾರದೆ ಹೋದರೆ ಮುಂದಿನ ಬಾರಿ ಕಾಯಬಹುದು. ಒಂದು ವರ್ಷ ಮೇವು ಸಾಲದೆ ಹೋದರೆ ಮುಂದಿನ ಮಳೆಗೆ ಸರಿಹೋದೀತು. ಮಗುವಿನ ಮೊದಲ ಐದು ವರ್ಷ ಮಾತ್ರ ಎರಡನೆಯ ಬಾರಿ ಬರುವುದಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲೇ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಈ ದಿನ ಸಂಜೆ ಕರುವಿನ ಹಗ್ಗ ಬಿಚ್ಚುವಾಗ ಮಗುವಿನ ಕೈಯ ಫೋನನ್ನೂ ತೆಗೆದಿಟ್ಟು, ಇಬ್ಬರನ್ನೂ ಅಂಗಳಕ್ಕೆ ಬಿಡಿ. ನೀವು ಹತ್ತಿರ ನಿಂತು ನೋಡಿಕೊಳ್ಳಿ.